ಮಕ್ಕಳ ಕಣ್ಣಳತೆ ಹಿಗ್ಗುವುದು ಹೇಗೆ?

ಸರ್ಕಾರಿ ಪ್ರಾಥಮಿಕ ಶಾಲೆಯ ಐದನೇ ತರಗತಿಗೆ ಹೋಗಿ ‘ದೊಡ್ಡವರಾದ ಮೇಲೆ ಏನಾಗುತ್ತೀರಿ’ ಎಂದು ಕೇಳಿದರೆ ಬರುವ ಉತ್ತರಗಳು ನಾಲ್ಕೈದೇ: ಟೀಚರ್, ಪೊಲೀಸ್, ಡಾಕ್ಟರ್, ಮಿಲಿಟರಿ. ಸರ್ಕಾರಿ ಸೇವೆಯಲ್ಲಿದ್ದಾಗ ಶಾಲೆಗಳಿಗೆ ಭೇಟಿ ಕೊಟ್ಟಲ್ಲೆಲ್ಲ ನಾನು ಈ ಪ್ರಶ್ನೆ ಕೇಳುತ್ತಿದ್ದೆ. ಜಿಲ್ಲೆ ಬದಲಾದರೂ ಉತ್ತರ ಬದಲಾಗುತ್ತಿರಲಿಲ್ಲ. ಇದನ್ನು ಮಕ್ಕಳ ಕಲ್ಪನೆಯ ಕೊರತೆ ಎನ್ನಲಾಗದು. ತಿಂಗಳ ಸಂಬಳ ಪಡೆಯುವವರೆಂದು ಹಳ್ಳಿಯ ಮಗು ಕಣ್ಣಾರೆ ಕಂಡಿರುವುದೇ ಅಷ್ಟು ಮಂದಿಯನ್ನು. ಇದೆ ಎಂದೇ ಗೊತ್ತಿಲ್ಲದ ಉದ್ಯೋಗವನ್ನು ಯಾರಾದರೂ ಬಯಸುವುದೆಂತು?

ನಮ್ಮ ಕಾಲದ ಎಂ.ಎ. ಅರ್ಥಶಾಸ್ತ್ರದ ತರಗತಿಗಳಲ್ಲಿ ಬಡತನವೆಂದರೆ ಆದಾಯ ಮತ್ತು ಕ್ಯಾಲೊರಿಗಳ ಲೆಕ್ಕವಾಗಿತ್ತು. ‘ಹಂಬಲಿಸುವ ಸಾಮರ್ಥ್ಯ’ ಕೂಡ ಸಮಾಜದಲ್ಲಿ ಅಸಮವಾಗಿ ಹಂಚಿಕೆಯಾಗಿದೆ ಎಂದು ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ 2004ರಲ್ಲಿ ವಾದಿಸಿದರು. ಅರ್ಥಶಾಸ್ತ್ರಜ್ಞ ದೇಬ್‌ರಾಜ್ ರೇ 2006ರಲ್ಲಿ ಅದನ್ನು ಇನ್ನಷ್ಟು ಖಚಿತಗೊಳಿಸಿದರು. ಅವರ ಪ್ರಕಾರ ಪ್ರತಿಯೊಬ್ಬನಿಗೂ ಆಕಾಂಕ್ಷೆಯ ಒಂದು ಕಿಟಕಿಯಿದೆ. ಅದರ ಮೂಲಕ ಕಾಣುವ, ತನ್ನಂಥವರೇ ಎನಿಸುವ ಜನರ ಬದುಕನ್ನು ನೋಡಿಯೇ ಆತ ತನ್ನ ಗುರಿಯನ್ನು ಗೊತ್ತುಮಾಡಿಕೊಳ್ಳುತ್ತಾನೆ. ಗುರಿ ತೀರ ಹತ್ತಿರವಿದ್ದರೂ, ಎಟುಕದಷ್ಟು ದೂರವಿದ್ದರೂ ಪ್ರಯತ್ನ ಹುಟ್ಟುವುದಿಲ್ಲ. ಈಗ ಮನೆಮನೆಯಲ್ಲಿ ಮೊಬೈಲ್ ಇರುವಾಗ ಅನುಭವಕ್ಕೇನು ಬಡತನ ಎನ್ನುವವರು ಇದನ್ನು ಗಮನಿಸಬೇಕು. ಮೊಬೈಲ್ ಪರದೆ ಮುಂಬೈಯ ಚಿತ್ರತಾರೆಯನ್ನು ತೋರಿಸುತ್ತದೆ. ಪಕ್ಕದ ತಾಲ್ಲೂಕು ಕೇಂದ್ರದ ಪ್ರಯೋಗಾಲಯದಲ್ಲಿ ಕೆಲಸ ಮಾಡುವ, ತನ್ನದೇ ಊರಿನ ಕಡೆಯ ಹೆಣ್ಣುಮಗಳನ್ನು ತೋರಿಸುವುದಿಲ್ಲ.

ಕಣ್ಣೆದುರಿನ ಒಂದು ನಿದರ್ಶನ ಏನು ಮಾಡಬಲ್ಲದು ಎಂಬುದಕ್ಕೆ ಪಶ್ಚಿಮ ಬಂಗಾಳದಲ್ಲಿ ಪುರಾವೆ ಇದೆ. ಅಲ್ಲಿನ 495 ಹಳ್ಳಿಗಳಲ್ಲಿ ಎಸ್ತರ್ ಡಫ್ಲೊ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಮೀಸಲಾತಿಯಿಂದಾಗಿ ಎರಡು ಅವಧಿ ಮಹಿಳೆಯೇ ಪಂಚಾಯಿತಿ ಮುಖ್ಯಸ್ಥೆಯಾಗಿದ್ದ ಹಳ್ಳಿಗಳಲ್ಲಿ ಗಂಡು–ಹೆಣ್ಣು ಮಕ್ಕಳ ಭವಿಷ್ಯದ ಬಗ್ಗೆ ತಂದೆತಾಯಿಗಳ ನಿರೀಕ್ಷೆಯಲ್ಲಿದ್ದ ಅಂತರ ಶೇ 25ರಷ್ಟು, ಹದಿಹರೆಯದವರ ಸ್ವಂತ ನಿರೀಕ್ಷೆಯಲ್ಲಿದ್ದ ಅಂತರ ಶೇ 32ರಷ್ಟು ಕುಗ್ಗಿತ್ತು. ಆ ಹಳ್ಳಿಗಳ ಹುಡುಗಿಯರಿಗೆ ಯಾರೂ ಭಾಷಣ ಮಾಡಿರಲಿಲ್ಲ. ಒಬ್ಬ ಹೆಂಗಸು ಅಧಿಕಾರದ ಕುರ್ಚಿಯಲ್ಲಿ ಕುಳಿತದ್ದನ್ನು ಅವರು ನೋಡುತ್ತ ಬೆಳೆದಿದ್ದರು, ಅಷ್ಟೇ. ನಜೀರ್ ಸಾಬರ ಕಾಲದ 1983ರ ಕಾಯ್ದೆಯಂತೆ 1987ರ ಚುನಾವಣೆಯಲ್ಲೇ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಕಾಯ್ದಿರಿಸಿದ್ದ ಕರ್ನಾಟಕಕ್ಕೆ ಇದು ಅಪರಿಚಿತ ಸಂಗತಿಯಾಗಬಾರದು.

ಆದರೆ ಶಾಲೆಗಳ ಮಟ್ಟದಲ್ಲಿ ‘ಅನುಭವ ವಿಸ್ತರಣೆ’ ಎಂದೊಡನೆ ನಮಗೆ ಹೊಳೆಯುವುದು ಡಿಸೆಂಬರಿನ ಪ್ರವಾಸವೊಂದೇ. ಮೂರು ದಿನ, ಹತ್ತು ಊರು, ರಾತ್ರಿಯಿಡೀ ಬಸ್ಸು. ಮಗು ಕಿಟಕಿಗೆ ಒರಗಿ ನಿದ್ದೆ ಮಾಡುತ್ತ ಇತಿಹಾಸವನ್ನು ದಾಟಿ ಹೋಗುತ್ತದೆ. ಹಣ ಹೊಂದಿಸಲಾಗದ ಮನೆಯ ಮಗು, ಎಂದರೆ ಪ್ರವಾಸ ಯಾರಿಗೆ ಹೆಚ್ಚು ಅಗತ್ಯವೋ ಆ ಮಗು, ಊರಿನಲ್ಲೇ ಉಳಿಯುತ್ತದೆ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ಸತ್ತರು. ಅಂಥ ದುರಂತ ನಡೆದಾಗ ಸುತ್ತೋಲೆಗಳು ಬಿಗಿಯಾಗುವುದು ಸಹಜ. ಮುಖ್ಯಶಿಕ್ಷಕರು ಹೊಣೆ ಹೊರಲು ಅಂಜುವುದೂ ಸಹಜ.

ದೂರ ಹೋಗಬೇಕಾಗಿಯೇ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಒಮ್ಮೆ ಹಳ್ಳಿಯೊಂದರ ಶಿಕ್ಷಕಿ ತಮ್ಮ ನಾಲ್ಕನೇ ತರಗತಿಯನ್ನು ಹತ್ತಿರದ ಹಾಲು ಶೀತಲೀಕರಣ ಕೇಂದ್ರಕ್ಕೆ ಕರೆತಂದಿದ್ದರು. ಬೇರೆ ಕೆಲಸಕ್ಕೆ ಹೋಗಿದ್ದ ನಾನು ನಿಂತು ನೋಡಿದೆ. ಆ ಮಕ್ಕಳ ಮನೆಗಳಿಂದ ದಿನವೂ ಹಾಲು ಬರುತ್ತಿದ್ದುದು ಅಲ್ಲಿಗೇ. ಫ್ಯಾಟ್ ಕಡಿಮೆಯಾಗಿ ದರ ಇಳಿದಾಗ ಅಪ್ಪ ಗೊಣಗುವುದನ್ನು ಅವರು ಕೇಳಿದ್ದರು, ಫ್ಯಾಟ್ ಎಂದರೇನೆಂದು ಅರಿತಿರಲಿಲ್ಲ. ಹಾಲಿಗೆ ಆಮ್ಲ ಬೆರೆಸಿ, ಗಾಜಿನ ನಳಿಕೆಗಳನ್ನು ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ಮೇಲೆ ನಿಂತ ಕೊಬ್ಬಿನ ಪದರವನ್ನು ಅಲ್ಲಿಯ ತರುಣಿ ತೋರಿಸಿದಾಗ ಗದ್ದಲವೆಲ್ಲ ನಿಂತುಹೋಯಿತು. ಕೊನೆಗೆ ಒಬ್ಬ ಹುಡುಗಿ ಕೇಳಿದಳು: ‘ಅಕ್ಕಾ, ಇದಕ್ಕೆ ಎಷ್ಟನೇ ಕ್ಲಾಸ್ ಓದಬೇಕು?’ ಯಾವ ಸ್ಮಾರಕದ ಮುಂದೆಯೂ ಆ ಪ್ರಶ್ನೆಯನ್ನು ನಾನು ಕೇಳಿಸಿಕೊಂಡದ್ದಿಲ್ಲ.

ಬಸ್ ಡಿಪೊ, ವಿದ್ಯುತ್ ಉಪಕೇಂದ್ರ, ಎಪಿಎಂಸಿ ಪ್ರಾಂಗಣ, ತಾಲ್ಲೂಕು ಆಸ್ಪತ್ರೆ, ನ್ಯಾಯಾಲಯ: ಇವೆಲ್ಲ ಅರ್ಧ ದಿನದ ಹಾದಿ. ಬೆಂಗಳೂರಿನ ಕಥೆಯೂ ಭಿನ್ನವಲ್ಲ. 1962ರಲ್ಲಿ ನೆಹರೂ ಉದ್ಘಾಟಿಸಿದ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಕಬ್ಬನ್ ಉದ್ಯಾನದ ಅಂಚಿನಲ್ಲಿದೆ. ನಗರದ ಹೊರವಲಯದಲ್ಲಿ ಕಟ್ಟಡ ಕಾರ್ಮಿಕರ ಶೆಡ್ಡುಗಳಿಂದ ಶಾಲೆಗೆ ಬರುವ ಮಕ್ಕಳಿಗೆ ಅದೂ ಹಂಪಿಯಷ್ಟೇ ದೂರ. (2023ರ ಜೂನ್‌ನಲ್ಲಿ ಜಾರಿಯಾದ ಶಕ್ತಿ ಯೋಜನೆಯಿಂದ ಶಿಕ್ಷಕಿಗೂ ಹುಡುಗಿಯರಿಗೂ ಬಸ್ ಪ್ರಯಾಣ ಉಚಿತ. ಹುಡುಗರ ಟಿಕೆಟ್ಟಿನ ಹಣವನ್ನಷ್ಟೇ ಹುಡುಕಬೇಕು!)

ನೀತಿಯ ಬೆಂಬಲಕ್ಕೆ ಕೊರತೆಯಿಲ್ಲ. ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. 2020ರ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯವರಿಗೆ ಹತ್ತು ಬ್ಯಾಗ್‌ರಹಿತ ದಿನಗಳನ್ನು ಸೂಚಿಸಿತು. ಆ ನೀತಿಯ ಬಗ್ಗೆ ನಮ್ಮ ರಾಜ್ಯದಲ್ಲಿ ತಕರಾರುಗಳಿವೆ; ನನ್ನ ತಕರಾರು ಇಷ್ಟೇ, ಆರನೇ ತರಗತಿಯವರೆಗೆ ಕಾಯುವುದೇಕೆ? ಅಷ್ಟರಲ್ಲಿ ‘ಇದು ನಮ್ಮಂಥವರಿಗಲ್ಲ’ ಎಂಬ ತೀರ್ಮಾನಕ್ಕೆ ಎಷ್ಟೋ ಮಕ್ಕಳು ಬಂದುಬಿಟ್ಟಿರುತ್ತಾರೆ.

ಶಿಕ್ಷಕರ ಲೋಕಾನುಭವವೂ ಹಿಗ್ಗಬೇಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ‘ನಲಿ ಕಲಿ’ ಆರಂಭವಾದುದರ ಹಿಂದೆ ಅಲ್ಲಿನ ಕೆಲವು ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಬಂದ ಭೇಟಿಯಿತ್ತು. ಬೇರೆ ಬಗೆಯ ತರಗತಿಯನ್ನು ಕಣ್ಣಾರೆ ಕಂಡ ಬಳಿಕ ಅವರು ತಮ್ಮ ಶಾಲೆಗಳಲ್ಲಿ ಅದನ್ನು ಸಾಧ್ಯವೆಂದು ನಂಬಿದರು.

ನಿಜವಾದ ಅಡಚಣೆ ಏಕೋಪಾಧ್ಯಾಯ ಶಾಲೆಗಳದು. ಒಬ್ಬರೇ ಶಿಕ್ಷಕರು ಐದು ತರಗತಿಗಳನ್ನು ಬಿಟ್ಟು ಒಂದನ್ನು ಹೊರಗೆ ಕರೆದೊಯ್ಯಲಾರರು. ಇಲ್ಲಿ ಪಂಚಾಯಿತಿಗಳು ಮುಂದೆ ಬರಬೇಕು. 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಿದವು. ಅದೇ ಗ್ರಂಥಾಲಯಕ್ಕೆ ತಿಂಗಳಿಗೊಮ್ಮೆ, ಶನಿವಾರ, ಊರಿನ ಆಸುಪಾಸಿನಲ್ಲಿ ದುಡಿಯುವ ಒಬ್ಬರನ್ನು ಕರೆಸಬಹುದು: ನರ್ಸ್, ಲೈನ್‌ಮನ್, ಭೂಮಾಪಕ, ಬ್ಯಾಂಕಿನ ಕ್ಯಾಷಿಯರ್. ತಮ್ಮ ಉಪಕರಣವನ್ನು ಕೈಯಲ್ಲಿ ಹಿಡಿದು ಬರಬೇಕು, ಭಾಷಣ ಬೇಡ, ಮಕ್ಕಳು ಕೇಳಿದ್ದಕ್ಕೆ ಉತ್ತರ ಹೇಳಿದರೆ ಸಾಕು. ಇದಕ್ಕೆ ಬೇಕಾದದ್ದು ಒಂದು ಲೋಟ ಚಹಾದ ಖರ್ಚು ಮತ್ತು ಜೂನ್ ತಿಂಗಳಲ್ಲೇ ಸಿದ್ಧವಾದ ಹತ್ತು ಹೆಸರುಗಳ ಪಟ್ಟಿ.