4 ಟಿಬಿಯ ಒಂದಕ್ಕಿಂತ 2 ಟಿಬಿಯ ಎರಡು ಮೇಲು

ಕೊಳ್ಳೇಗಾಲ, ಹನೂರು, ಯಳಂದೂರಿನ ಸ್ಟುಡಿಯೊಗಳಲ್ಲಿ ಮದುವೆ ಸೀಜನ್ ಶುರುವಾಯಿತೆಂದರೆ ಡೆಸ್ಕ್‌ಟಾಪಿನ ಹಾರ್ಡ್‌ಡಿಸ್ಕ್ ತುಂಬಲು ಹೆಚ್ಚು ದಿನ ಬೇಕಿಲ್ಲ. ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ 4ಕೆ ವಿಡಿಯೊ ತೆಗೆದರೆ ಗಂಟೆಗೆ 45 ಜಿಬಿ ಬೇಕು. ಎರಡು ಕ್ಯಾಮೆರಾ ಐದು ಗಂಟೆ ಓಡಿದರೆ 450 ಜಿಬಿ. ಎರಡು ಮದುವೆಗೆ ಹೆಚ್ಚುಕಡಿಮೆ 1 ಟಿಬಿ ಮುಗಿಯಿತು. ಹೀಗಾಗಿ ಅಂಗಡಿಗೆ ಹೋದವರು ಇರುವುದರಲ್ಲಿ ದೊಡ್ಡ ಡಿಸ್ಕನ್ನೇ ಕೇಳುವುದು ಸಹಜ. ಆದರೆ 4 ಟಿಬಿಯ ಒಂದರ ಬದಲು 2 ಟಿಬಿಯ ಎರಡನ್ನು ಕೊಂಡು, ಒಂದರಲ್ಲಿ ಇರುವುದನ್ನೇ ಇನ್ನೊಂದಕ್ಕೂ ನಕಲು ಮಾಡಿಡುವುದು ಜಾಣತನ. ಖರ್ಚು ತುಸು ಹೆಚ್ಚು, ಜಾಗ ಅರ್ಧ. ಉಳಿಯುವುದು ಮಾತ್ರ ಪೂರ್ತಿ.

ಹಾರ್ಡ್‌ಡಿಸ್ಕ್ ತಿರುಗುವ ಯಂತ್ರ. 7200 ಆರ್‌ಪಿಎಂ ಎಂದರೆ ಒಳಗಿನ ತಟ್ಟೆ ಸೆಕೆಂಡಿಗೆ 120 ಸುತ್ತು ಹಾಕುತ್ತದೆ. ಅದರ ಮೇಲೆ ಕೂದಲೆಳೆಯ ಸಾವಿರದ ಒಂದು ಪಾಲಿನಷ್ಟೂ ಅಂತರವಿಲ್ಲದೆ ಹೆಡ್ ತೇಲುತ್ತಿರುತ್ತದೆ. ಇಂಥದ್ದು ಒಂದಲ್ಲ ಒಂದು ದಿನ ಕೆಟ್ಟೇ ಕೆಡುತ್ತದೆ. ಕೆಟ್ಟ ಮೇಲೆ ರಿಕವರಿಗೆಂದು ಮೈಸೂರಿಗೋ ಬೆಂಗಳೂರಿಗೋ ಹೊತ್ತೊಯ್ದರೂ ಡೇಟಾ ಸಿಗುವ ಖಾತ್ರಿಯಿಲ್ಲ. ಕೊಳ್ಳುವಾಗ ಗಮನಿಸಲೇಬೇಕಾದ ಇನ್ನೊಂದು ಸಂಗತಿ ಸಿಎಂಆರ್, ಎಸ್‌ಎಂಆರ್ ಎಂಬ ಭೇದ. ಎಸ್‌ಎಂಆರ್ ಡಿಸ್ಕಿನಲ್ಲಿ ಡೇಟಾದ ಸಾಲುಗಳು ಮಾಡಿನ ಹೆಂಚಿನಂತೆ ಒಂದರ ಮೇಲೊಂದು ಹಾಯ್ದಿರುತ್ತವೆ; ಸಿಎಂಆರ್‌ನಲ್ಲಿ ಹಾಗಲ್ಲ. ನಡುವಿನದೊಂದನ್ನು ಬದಲಿಸಲು ಪಕ್ಕದವನ್ನೂ ಮತ್ತೆ ಬರೆಯಬೇಕು. ಎಡಿಟಿಂಗ್ ನಡುವೆ ಸಿಸ್ಟಂ ತೆವಳುವುದಕ್ಕೆ ಇದೂ ಒಂದು ಕಾರಣ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ ಕೆಲವು ರೆಡ್ ಡಿಸ್ಕುಗಳು ಎಸ್‌ಎಂಆರ್ ಎಂದು ಒಪ್ಪಿಕೊಂಡಿದ್ದು ಗ್ರಾಹಕರು ಪಟ್ಟುಹಿಡಿದು ಕೇಳಿದ ಮೇಲೆಯೇ. ಸೀಗೇಟಿನ 2 ಟಿಬಿ ಬ್ಯಾರಾಕುಡಾ ಕೂಡ ಎಸ್‌ಎಂಆರ್. ಎತ್ತಿಡುವ ನಕಲಿಗೆ ಅದು ಸಾಕು. ದಿನನಿತ್ಯದ ಕೆಲಸಕ್ಕೆ ಐರನ್‌ವುಲ್ಫ್, ರೆಡ್ ಪ್ಲಸ್‌ನಂಥ ಸಿಎಂಆರ್ ಡಿಸ್ಕೇ ಬೇಕು.

ಎಸ್‌ಎಸ್‌ಡಿ ಇರುವಾಗ ಇದೆಲ್ಲ ಯಾಕೆ ಎಂದು ಕೇಳಬಹುದು. ವಿಂಡೋಸ್ ಮತ್ತು ನಡೆಯುತ್ತಿರುವ ಕೆಲಸ ಎಸ್‌ಎಸ್‌ಡಿಯಲ್ಲೇ ಇರಲಿ, ತಕರಾರಿಲ್ಲ. ಆದರೆ ಪ್ರತಿ ಟಿಬಿಗೆ ಅದರ ಬೆಲೆ ಹೆಚ್ಚು. ಕರೆಂಟಿಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿಟ್ಟರೆ ಡೇಟಾ ಅಳಿಯುವ ಅಪಾಯವೂ ಉಂಟು. ಕ್ಲೌಡ್ ಎನ್ನುವವರು ಲೆಕ್ಕ ಹಾಕಿ ನೋಡಲಿ: ಅಪ್‌ಲೋಡ್ ವೇಗ 20 ಎಂಬಿಪಿಎಸ್ ಇದ್ದರೆ 1 ಟಿಬಿ ಏರಿಸಲು ಎಡೆಬಿಡದೆ 111 ಗಂಟೆ ಬೇಕು. ಒಂದೇ ಕ್ಯಾಬಿನೆಟ್ಟಿನಲ್ಲಿ ಎರಡು ಡಿಸ್ಕನ್ನು, ಒಂದರಲ್ಲಿ ಬರೆದದ್ದನ್ನು ಇನ್ನೊಂದರಲ್ಲೂ ತಾನಾಗಿ ಬರೆಯುವ ರೇಡ್‌ಗೆ ಹಾಕಿದರೆ ಸಾಲದೇ? ಸಾಲದು. ಸಿಡಿಲಿಗೋ ಕೆಟ್ಟ ಎಸ್‌ಎಂಪಿಎಸ್‌ಗೋ ಎರಡೂ ಒಟ್ಟಿಗೆ ಹೋದಾವು. ಕೈತಪ್ಪಿ ಅಳಿಸಿದ್ದಂತೂ ಎರಡರಲ್ಲೂ ಅಳಿಯುತ್ತದೆ.

ಇಷ್ಟಕ್ಕೂ ಅಮೂಲ್ಯವಾದದ್ದೆಲ್ಲ ದೊಡ್ಡ ಫೈಲೇ ಆಗಿರಬೇಕಿಲ್ಲ. ದೇವರಗುಡ್ಡರು ಕಂಸಾಳೆ ಹಿಡಿದು ರಾತ್ರಿಯಿಡೀ ಹಾಡುವ ಮಾದಪ್ಪನ ಕತೆಯನ್ನು ಉತ್ತಮ ಗುಣಮಟ್ಟದ ಸ್ಟೀರಿಯೊದಲ್ಲಿ ಎಂಟು ಗಂಟೆ ರೆಕಾರ್ಡ್ ಮಾಡಿದರೂ ಆಗುವುದು 8 ಜಿಬಿ ಚಿಲ್ಲರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹಿರಿಯರೊಬ್ಬರ ಹಾಡು ಇನ್ನೂ ಕಡಿಮೆ. ಹಾಡಿದವರು ತೀರಿಕೊಂಡ ಮೇಲೆ ಅದನ್ನು ಯಾವ ದುಡ್ಡಿಗೂ ಮತ್ತೆ ರೆಕಾರ್ಡ್ ಮಾಡಲಾಗದು. ಆದ್ದರಿಂದ ದಿನನಿತ್ಯದ ಕೆಲಸದ ಡಿಸ್ಕ್ ಕೊಳ್ಳುವ ಮುನ್ನ ಮಾಡೆಲ್ ನಂಬರ್ ಬರೆದುಕೊಂಡು ಅದು ಸಿಎಂಆರ್ ಹೌದೇ ನೋಡಿ. ತಂದ ಕೂಡಲೇ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಸಾಫ್ಟ್‌ವೇರಿನಲ್ಲಿ ಎಷ್ಟು ಗಂಟೆ ಓಡಿದೆ ಎಂದು ಪರೀಕ್ಷಿಸಿ. ಹೊಸದೆಂದು ಕೊಟ್ಟದ್ದು ಸಾವಿರಾರು ಗಂಟೆ ತೋರಿಸಿದರೆ ಹಿಂದಿರುಗಿಸಿ. ನಕಲಿನ ಡಿಸ್ಕನ್ನು ಮಾತ್ರ ಸ್ಟುಡಿಯೊದಲ್ಲೇ ಬಿಡಬೇಡಿ, ಮನೆಯಲ್ಲಿಡಿ.