ಕಮ್ಯುನಿಸಂ ಪತನವೂ ವಿಜಯಪುರದ ರೇಷ್ಮೆಗೂಡೂ

ರಾಷ್ಟ್ರಗಳ ಏಳುಬೀಳುಗಳು ರಾಜಧಾನಿಗಳಲ್ಲಿಯೇ ಮುಗಿದುಹೋಗುವುವೆಂದು ಭಾವಿಸುವುದು ತಪ್ಪು. ಅವುಗಳ ಪರಿಣಾಮ ದೂರದ ಊರಿನ ಸಂತೆಯವರೆಗೂ ಹರಿದುಬರುತ್ತದೆ. 1991ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟವು ವಿಸರ್ಜನೆಗೊಂಡು ಹದಿನೈದು ಸ್ವತಂತ್ರ ರಾಷ್ಟ್ರಗಳಾಯಿತು. ಎರಡು ಬಣಗಳ ಶೀತಲ ಸಮರ ಅಲ್ಲಿಗೆ ಕೊನೆಗೊಂಡರೂ ಲೋಕಕ್ಕೆ ಶಾಂತಿ ದೊರೆಯಲಿಲ್ಲ. ಹಿಂದೆ ಸೋವಿಯತ್ ಬಣದಲ್ಲಿದ್ದ ಪೋಲೆಂಡ್, ಹಂಗೇರಿಗಳು 1999ರಲ್ಲಿ ನೇಟೋ ಕೂಟವನ್ನು ಸೇರಿದವು. 2022ರಲ್ಲಿ ರಷ್ಯಾ ಯುಕ್ರೇನಿನ ಮೇಲೆ ದಂಡೆತ್ತಿತು.

ಭಾರತವು ಅಲಿಪ್ತ ನೀತಿಯನ್ನು ಅನುಸರಿಸುತ್ತಿದ್ದರೂ 1971ರ ಆಗಸ್ಟಿನಲ್ಲಿ ಸೋವಿಯತ್ ಒಕ್ಕೂಟದೊಡನೆ ಮೈತ್ರಿ ಒಪ್ಪಂದ ಮಾಡಿಕೊಂಡಿತ್ತು. ಆ ದೇಶದೊಡನೆ ವ್ಯಾಪಾರದ ಲೆಕ್ಕವು ಡಾಲರಿನಲ್ಲಲ್ಲದೆ ರೂಪಾಯಿಯಲ್ಲಿ ನಡೆಯುತ್ತಿತ್ತು. ಈ ಆಸರೆ ಕುಸಿಯುತ್ತಿದ್ದ ಕಾಲದಲ್ಲಿಯೇ ಕೊಲ್ಲಿ ಬಿಕ್ಕಟ್ಟಿನಿಂದ ತೈಲದ ಬೆಲೆ ಏರಿತು. ವಿದೇಶೀ ವಿನಿಮಯ ಬರಿದಾಗುತ್ತ ಬಂದು 1991ರಲ್ಲಿ ದೇಶದ ಚಿನ್ನವನ್ನೇ ಅಡವಿಡಬೇಕಾಯಿತು. ಅದೇ ವರ್ಷ ಪ್ರಧಾನಿ ಪಿ.ವಿ. ನರಸಿಂಹರಾವ್ ಅವರ ಸರ್ಕಾರವು ವಿದೇಶೀ ಬಂಡವಾಳಕ್ಕೂ ಸರಕಿಗೂ ಬಾಗಿಲು ತೆರೆಯಿತು. 1998ರಲ್ಲಿ ಹೊಸಕೋಟೆಯ ಬಳಿ ಸ್ವೀಡನ್ನಿನ ವೋಲ್ವೋ ಸಂಸ್ಥೆಯ ಲಾರಿ ಕಾರ್ಖಾನೆ ತಲೆಯೆತ್ತಿದುದು ಆ ಬದಲಾವಣೆಯ ಫಲವೇ.

ಚೀನಾದ ದಾರಿ ಬೇರೆಯಾಯಿತು. ಅಲ್ಲಿ ಕಮ್ಯುನಿಸ್ಟ್ ಪಕ್ಷವು ಅಧಿಕಾರವನ್ನು ಬಿಡಲಿಲ್ಲ. ಆದರೆ 1978ರಿಂದ ಹಂತಹಂತವಾಗಿ ಮಾರುಕಟ್ಟೆಯನ್ನು ಒಪ್ಪಿಕೊಂಡಿತು. 2001ರಲ್ಲಿ ಚೀನಾ ವಿಶ್ವ ವಾಣಿಜ್ಯ ಸಂಸ್ಥೆಯ ಸದಸ್ಯತ್ವ ಪಡೆಯಿತು. ಕಚ್ಚಾ ರೇಷ್ಮೆಯ ಉತ್ಪಾದನೆಯಲ್ಲಿ ಜಗತ್ತಿಗೇ ಮೊದಲಿಗನಾದ ಆ ದೇಶದ ನೂಲು ಭಾರತಕ್ಕೂ ಬಂದಿತು.

ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಮಾರುಕಟ್ಟೆಗೆ ಗೂಡು ತರುವ ರೈತನಿಗೆ ಈ ನೂಲು ಪೈಪೋಟಿ; ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗ ನಡೆಸುವ ನೇಕಾರನಿಗೆ ಗಟ್ಟಿಯಾದ, ಅಗ್ಗದ ಹಾಸುನೂಲು. 2011ರ ಕೇಂದ್ರ ಮುಂಗಡಪತ್ರದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದಾಗ ಬೆಳೆಗಾರರು ಕಂಗೆಟ್ಟರು. 2013ರಲ್ಲಿ ಅದನ್ನು ಶೇಕಡಾ 15ಕ್ಕೆ ಏರಿಸಿದಾಗ ಹೊರೆ ನೇಕಾರರ ಪಾಲಿಗೆ ಬಂದಿತು. ಒಬ್ಬರ ರಕ್ಷಣೆ ಮತ್ತೊಬ್ಬರಿಗೆ ಭಾರವಾಗುವ ಈ ಇಕ್ಕಟ್ಟಿನಲ್ಲಿ ಇಬ್ಬರೂ ದುಡಿಯುವ ಜನರೇ, ನೆರೆಯ ತಾಲ್ಲೂಕಿನವರೇ.

ಬಣಗಳ ಕಾಲದಲ್ಲಿ ಇಂತಹ ಪ್ರಶ್ನೆಗಳನ್ನು ಎರಡು ಸರ್ಕಾರಗಳ ಒಪ್ಪಂದವೇ ಬಹುಮಟ್ಟಿಗೆ ನಿರ್ಧರಿಸುತ್ತಿತ್ತು. ಇಂದು ಸುಂಕದ ಒಂದು ಅಂಕಿ, ದೂರದೇಶದ ಒಂದು ಫಸಲು ನಿರ್ಧರಿಸುತ್ತದೆ. ಶ್ರಮಿಕನ ಹಿತದ ಹೆಸರಿನಲ್ಲಿ ಕಟ್ಟಿದ ಒಂದು ವ್ಯವಸ್ಥೆ ಕುಸಿಯಿತು. ಶ್ರಮಕ್ಕೆ ತಕ್ಕ ಬೆಲೆ ಯಾವುದೆಂಬ ಪ್ರಶ್ನೆ ಮಾತ್ರ ಕುಸಿಯಲಿಲ್ಲ. ಚರಿತ್ರೆಯ ಪಾಠ ಹೇಳುವಾಗ ಮಾಸ್ಕೋದ ಜೊತೆಗೆ ವಿಜಯಪುರದ ಗೂಡಿನ ಬುಟ್ಟಿಯನ್ನೂ ತೋರಿಸಿದರೆ ವಿದ್ಯಾರ್ಥಿಗೆ ಜಗತ್ತು ದೂರವೆನಿಸದು.