ಪಾರಿಜಾತದ ಮುಂದಿರುವ ಅಪಾಯ

2016ರಲ್ಲಿ ಬಂದ ನಾಗರಾಜ ಮಂಜುಳೆಯವರ ಮರಾಠಿ ಸಿನಿಮಾ ‘ಸೈರಾಟ್’ ನಿಂತಿದ್ದೇ ಜಾತಿಯ ಪ್ರಶ್ನೆಯ ಮೇಲೆ. ಸೊಲ್ಲಾಪುರ ಜಿಲ್ಲೆಯ ಕರಮಾಳೆ ಸೀಮೆಯ ಕಬ್ಬಿನ ಗದ್ದೆ, ಬಾವಿ, ಊರ ಗೌಡಿಕೆ ಎಲ್ಲವೂ ಆ ಪ್ರಶ್ನೆಯನ್ನೇ ಕೇಳುತ್ತಿದ್ದವು. ಮರುವರ್ಷ ಅದು ಕನ್ನಡದಲ್ಲಿ ‘ಮನಸು ಮಲ್ಲಿಗೆ’ ಆಯಿತು. ನಾಯಕಿ ಮತ್ತೆ ರಿಂಕು ರಾಜಗುರು ಅವರೇ. 2018ರ ಹಿಂದಿ ‘ಧಡಕ್’ ಕಥೆಯನ್ನು ರಾಜಸ್ಥಾನದ ಉದಯಪುರಕ್ಕೆ ಒಯ್ದಿತು. ಅಲ್ಲಿ ಜಾತಿಯ ಮಾತು ತೆಳುವಾಗಿ ಸಿರಿವಂತ ಮನೆತನದ ಹಟ ಮುಂದೆ ಬಂತು.

ನಮ್ಮ ಗೋಕಾಕ, ಹುಕ್ಕೇರಿ ಕಡೆ ಮರಾಠಿ ತಿಳಿಯುವ ಜನ ಬಹಳ. ಮೂಲವನ್ನೂ ಮರುರೂಪವನ್ನೂ ನೋಡಿದವರು ಏನು ಹೋಯಿತೆಂದು ತಾವೇ ಹೇಳಬಲ್ಲರು. ಮೂಲ ಕೈಗೆ ಸಿಗುವಷ್ಟು ದಿನ ಕೆಟ್ಟ ರಿಮೇಕಿನಿಂದ ಹಾಳಾಗುವುದು ನಿರ್ಮಾಪಕರ ಹಣ ಮಾತ್ರ. ನನ್ನ ಆತಂಕ ಬೇರೆ ಕಡೆಗಿದೆ. ಮೂಲವೇ ಯಾವ ಪುಸ್ತಕದಲ್ಲೂ ಫಿಲ್ಮಿನಲ್ಲೂ ಪೂರ್ತಿ ಇಳಿಯದೆ, ಕಲಾವಿದರ ನೆನಪಿನಲ್ಲಿ, ನಾಲಗೆಯಲ್ಲಿ ಇರುವಾಗ ಏನಾಗುತ್ತದೆ? ಈಗಿನ ಮೂಡಲಗಿ ತಾಲ್ಲೂಕಿನ ಕುಲಗೋಡದಲ್ಲಿ ಬೆಳೆದ, ರಾತ್ರಿಯಿಡೀ ನಡೆಯುವ ಶ್ರೀಕೃಷ್ಣ ಪಾರಿಜಾತ ಎಂಬ ಜನಪದ ಆಟದ ಸ್ಥಿತಿ ಇದೇ.

ಅಪರಾಳ ತಮ್ಮಣ್ಣನ ಕೃತಿಯನ್ನು ಕುಲಗೋಡ ತಮ್ಮಣ್ಣ 19ನೆಯ ಶತಮಾನದಲ್ಲಿ ಆಟಕ್ಕೆ ಒಗ್ಗಿಸಿ ಊರೂರಿಗೆ ಹಬ್ಬಿಸಿದ. ಅದೇ ಸೀಮೆಯ ಕೌಜಲಗಿ ನಿಂಗಮ್ಮ ಅದರ ದೊಡ್ಡ ಹೆಸರು. ಕಥೆ ಎಲ್ಲರಿಗೂ ಗೊತ್ತು: ನಾರದ ತಂದ ಪಾರಿಜಾತದ ಹೂವು ರುಕ್ಮಿಣಿಗೆ ಸಲ್ಲುತ್ತದೆ, ಸತ್ಯಭಾಮೆ ಮುನಿಯುತ್ತಾಳೆ, ಕೃಷ್ಣ ಸಮಾಧಾನ ಮಾಡಬೇಕಾಗುತ್ತದೆ. ಇಷ್ಟು ಕಥೆಗೆ ಇಡೀ ರಾತ್ರಿ ಏಕೆ ಬೇಕು? ಹಾರ್ಮೋನಿಯಂ, ತಬಲಾದೊಂದಿಗೆ ಹಿಂದೂಸ್ತಾನಿ ಧಾಟಿಯಲ್ಲಿ ಹಾಡುವ ಪದಗಳು ಹೆಚ್ಚೂಕಡಿಮೆ ಸ್ಥಿರ. ಆದರೆ ಪದದಿಂದ ಪದಕ್ಕೆ ನಡುವೆ ಬರುವ ಮಾತು ಆ ರಾತ್ರಿಯದು, ಆ ಊರಿನದು. ಆಟ ನಡೆಸುವ ಭಾಗವತ ಪಾತ್ರಗಳನ್ನು ತಡೆದು ಕೇಳುತ್ತಾನೆ, ಕೆಣಕುತ್ತಾನೆ, ದೇವರನ್ನೇ ಪೇಚಿಗೆ ಸಿಕ್ಕಿಸುತ್ತಾನೆ. ಸವತಿಯರ ಜಗಳ ದ್ವಾರಕೆಯಿಂದ ಇಳಿದು ಕೂತವರ ಓಣಿಗೆ ಬರುತ್ತದೆ. ಈ ಆಟದ ಜೀವ ಅಲ್ಲಿದೆ. ಕ್ಯಾಮೆರಾದ ಮುಂದೆ ಮೊದಲು ಉದುರುವುದೂ ಅದೇ, ಏಕೆಂದರೆ ಎರಡೂವರೆ ತಾಸಿನ ಚಿತ್ರಕ್ಕೆ ಒಂದೇ ಗಟ್ಟಿ ಪಠ್ಯ ಬೇಕು. ಇದೇ ಕೃಷ್ಣ, ಇದೇ ಸತ್ಯಭಾಮೆ 1966ರ ತೆಲುಗಿನ ‘ಶ್ರೀಕೃಷ್ಣ ತುಲಾಭಾರಂ’ನಲ್ಲೂ ಇದ್ದಾರೆ. ಎನ್.ಟಿ. ರಾಮರಾವ್, ಜಮುನಾ ಅವರ ಅಭಿನಯ ದೊಡ್ಡದೇ. ಆದರೆ ಅದು ಅರಮನೆಯ ಕಥೆ, ನಡುವೆ ನುಗ್ಗಿ ಪ್ರಶ್ನೆ ಕೇಳುವ ಭಾಗವತನಿಗೆ ಅಲ್ಲಿ ಕೆಲಸವಿಲ್ಲ.

ಬದಲಾದ ರೂಪವೇ ತಲೆಯಲ್ಲಿ ಉಳಿದುಬಿಡುತ್ತದೆ ಎನ್ನುವುದು ಬರೀ ಊಹೆ ಎನ್ನುವಂತಿಲ್ಲ. ಕೇಂಬ್ರಿಜ್‌ನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್ಲೆಟ್ ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಇಂಗ್ಲೆಂಡಿನವರಿಗೆ ಓದಲು ಕೊಟ್ಟು, ಆಮೇಲೆ ನೆನಪಿನಿಂದ ಬರೆಸಿದರು. 1932ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಲ್ಲಿ ಕಥೆ ಮೊಟಕಾಗಿತ್ತು, ಕನೂ ಹೋಗಿ ದೋಣಿ ಬಂದಿತ್ತು, ಸೀಲ್ ಬೇಟೆ ಮೀನುಗಾರಿಕೆಯಾಗಿತ್ತು, ಕೆಲವರ ಬರಹದಲ್ಲಿ ಭೂತಗಳೇ ಮಾಯ. ಯಾರೂ ಬೇಕೆಂದು ತಿದ್ದಿರಲಿಲ್ಲ. ತಮ್ಮ ಲೋಕಕ್ಕೆ ಹೊಂದದ್ದನ್ನು ಮನಸ್ಸು ತಾನಾಗಿ ಬಿಟ್ಟುಕೊಟ್ಟಿತ್ತು.

2009ರಲ್ಲಿ ಅಮೆರಿಕದ ಆಂಡ್ರ್ಯೂ ಬಟ್ಲರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇನ್ನೂ ನೇರವಾಗಿ ನಮಗೆ ತಟ್ಟುತ್ತದೆ. ವಿದ್ಯಾರ್ಥಿಗಳು ಸರಿಯಾದ ಇತಿಹಾಸ ಪಾಠವನ್ನೂ ಓದಿದರು, ಅದೇ ವಿಷಯದ ಜನಪ್ರಿಯ ಸಿನಿಮಾ ತುಣುಕನ್ನೂ ನೋಡಿದರು. ಪಾಠಕ್ಕೂ ಸಿನಿಮಾಕ್ಕೂ ತಾಳೆಯಾದಲ್ಲಿ ನೆನಪು ಗಟ್ಟಿಯಾಯಿತು. ತಾಳೆಯಾಗದ ಕಡೆ ಸುಮಾರು ಅರ್ಧದಷ್ಟು ಸಲ ಸಿನಿಮಾದ ತಪ್ಪನ್ನೇ ಅವರು ಉತ್ತರವಾಗಿ ಬರೆದರು. ಸರಿಯಾದ ಪಾಠವನ್ನೇ ಓದಿದ್ದ ವಿದ್ಯಾರ್ಥಿಗಳ ಗತಿ ಇದು. ಪಾರಿಜಾತವನ್ನು ಒಮ್ಮೆಯೂ ರಾತ್ರಿಯಿಡೀ ನೋಡದ ಮೂಡಲಗಿಯ ಮಗುವಿಗೆ ಹೋಲಿಸಿ ನೋಡಲು ಏನಿರುತ್ತದೆ?

ದೂರದರ್ಶನದಲ್ಲಿ 1987–88ರಲ್ಲಿ ‘ರಾಮಾಯಣ’ ಧಾರಾವಾಹಿ ಬಂದ ಮೇಲೆ ಇತಿಹಾಸಕಾರ್ತಿ ರೊಮಿಲಾ ಥಾಪರ್ ಇದೇ ಎಚ್ಚರಿಕೆ ಕೊಟ್ಟಿದ್ದರು: ನೂರು ಬಾಯಲ್ಲಿ ನೂರು ಬಗೆಯಾಗಿದ್ದ ಕಥೆ ಒಂದೇ ರೂಪಕ್ಕೆ ಇಳಿದೀತು ಎಂದು.

ಈ ಸೀಮೆಯವರೇ ಸಿನಿಮಾ ಮಾಡಿದಾಗಲೂ ತೊಡಕು ಪೂರ್ತಿ ತಪ್ಪಲಿಲ್ಲ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ತಮ್ಮ ‘ಕರಿಮಾಯಿ’, ‘ಕಾಡುಕುದುರೆ’ಗಳನ್ನು ತಾವೇ ತೆರೆಗೆ ತಂದರು. ‘ಕಾಡುಕುದುರೆ’ಯ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತು, ಇಂದು ಆ ಹಾಡು ಗೊತ್ತಿರುವಷ್ಟು ಜನರಿಗೆ ಅದರ ಹಿಂದಿನ ಕಥೆ ಗೊತ್ತಿಲ್ಲ. ಕಂಬಾರರದೇ ‘ಸಿಂಗಾರೆವ್ವ ಮತ್ತು ಅರಮನೆ’ ಕಾದಂಬರಿಯಲ್ಲಿ ಎಷ್ಟೋ ಸಂಗತಿ ತಿಳಿಯುವುದು ಶೀನಿಂಗವ್ವನ ಬಾಯಿಂದ. ಅವಳು ಹೇಳಿದ್ದನ್ನು ನಂಬಬೇಕೋ ಬೇಡವೋ ಎಂಬ ಅಳುಕು ಓದಿನುದ್ದಕ್ಕೂ ಇರುತ್ತದೆ. ಅದನ್ನು ತೆರೆಗೆ ತಂದ ಟಿ.ಎಸ್. ನಾಗಾಭರಣರ ‘ಸಿಂಗಾರೆವ್ವ’ ಗಂಭೀರ ಪ್ರಯತ್ನ, ರಾಷ್ಟ್ರಪ್ರಶಸ್ತಿ ಪಡೆದ ಚಿತ್ರ. ಆದರೆ ಕಣ್ಣೆದುರು ನಡೆದದ್ದನ್ನು ಪ್ರೇಕ್ಷಕ ಅನುಮಾನಿಸುವುದಿಲ್ಲ. ಕಂಬಾರರ ಪುಣ್ಯ, ಅವರ ಕಾದಂಬರಿ ಅಚ್ಚಿನಲ್ಲಿದೆ. ಬೇಕಾದವರು ಹಿಂದಿರುಗಿ ಓದಬಹುದು.

ಪಾರಿಜಾತಕ್ಕೆ ಆ ಆಸರೆ ಇಲ್ಲ. ಪದಗಳು ಅಚ್ಚಾಗಿವೆ, ನಡುವಿನ ಮಾತು ಪೂರ್ತಿ ಅಚ್ಚಾಗಿಲ್ಲ. ಮುಂದಿನ ಹಾದಿ ನನಗೆ ಹೀಗೆ ಕಾಣುತ್ತದೆ. ಮೊಬೈಲಿಗಾಗಿ ಒಂದೆರಡು ಪದ, ಒಂದು ನಗೆಮಾತು ಕತ್ತರಿಸಿ ಹಾಕುತ್ತಾರೆ. ನೋಡುವವರು ಜಾತ್ರೆಯಲ್ಲೂ ಅಷ್ಟನ್ನೇ ಕೇಳತೊಡಗುತ್ತಾರೆ. ಮೇಳದವರು ಹೊಟ್ಟೆಪಾಡಿಗೆ ಆಟವನ್ನು ಎರಡು ತಾಸಿಗೆ ಇಳಿಸುತ್ತಾರೆ. ಆಡುತ್ತಾ ಕಲಿಯಬೇಕಾದ ಭಾಗವತಿಕೆಗೆ ಜಾಗವೇ ಉಳಿಯದೆ, ಹೊಸ ಹುಡುಗರು ಕತ್ತರಿಸಿದ ತುಣುಕನ್ನೇ ಬಾಯಿಪಾಠ ಮಾಡುತ್ತಾರೆ. ಅದಾದ ಮೇಲೆ ಯಾರಾದರೂ ಪಾರಿಜಾತವನ್ನು ಸಿನಿಮಾ ಮಾಡಿದರೆ ಅದು ನಕಲಿನ ನಕಲು.

ಭಾಷೆಯ ಪೆಟ್ಟು ಇದರ ಜೊತೆಗೇ ಬರುತ್ತದೆ. ಡಬ್ಬಿಂಗ್ ತಡೆದ ಸಂಘಟನೆಗಳ ವಿರುದ್ಧ 2015ರಲ್ಲಿ ಸ್ಪರ್ಧಾ ಆಯೋಗ ತೀರ್ಪು ಕೊಟ್ಟ ಮೇಲೆ ಬೇರೆ ಭಾಷೆಯ ಚಿತ್ರಗಳಿಗೆ ಕನ್ನಡದ ಬಾಗಿಲು ತೆರೆಯಿತು. ಜನ ತಮ್ಮ ನುಡಿಯಲ್ಲಿ ನೋಡಲಿ, ಅದು ಅವರ ಹಕ್ಕು. ಆದರೆ ಅಲ್ಲಿ ಕೇಳಿಸುವುದು ಬಹುಪಾಲು ಬೆಂಗಳೂರು–ಮೈಸೂರಿನ ಕನ್ನಡ. ನಮ್ಮ ಕಡೆಯ ಮಾತು ಸಿನಿಮಾದಲ್ಲಿ ಹೆಚ್ಚಾಗಿ ನಗಿಸುವವರ ಪಾಲು. 1997ರ ‘ನಾಗಮಂಡಲ’ಕ್ಕೆ ಗೋಪಾಲ ವಾಜಪೇಯಿಯವರು ಉತ್ತರ ಕರ್ನಾಟಕದ ನುಡಿಯಲ್ಲಿ ಪ್ರೀತಿ, ಸಂಕಟ ಎರಡನ್ನೂ ಬರೆದದ್ದು ಅಪರೂಪ. ಇನ್ನು ಯಂತ್ರವೇ ಡಬ್ ಮಾಡುವ ಕಾಲ. ಯಾವ ಕನ್ನಡದ ಧ್ವನಿಮುದ್ರಣ ಹೆಚ್ಚಿದೆಯೋ ಯಂತ್ರ ಅದನ್ನೇ ಕಲಿಯುತ್ತದೆ. ಘಟಪ್ರಭೆಯ ದಂಡೆಯ ಕನ್ನಡ ಅದಕ್ಕೆ ಸಿಗದಿದ್ದರೆ ಅದರ ಲೆಕ್ಕದಲ್ಲಿ ಈ ಕನ್ನಡ ಇಲ್ಲವೇ ಇಲ್ಲ.

ಹಿರಿಯ ಕಲಾವಿದರು ಇರುವಾಗಲೇ ಬೇರೆಬೇರೆ ಮೇಳಗಳ ಪೂರ್ತಿ ರಾತ್ರಿಯ ಆಟವನ್ನು ಕತ್ತರಿಸದೆ ಮುದ್ರಿಸಬೇಕು. ಒಂದೇ ಮೇಳವನ್ನು ಎರಡು ಊರಿನಲ್ಲಿ ಮುದ್ರಿಸಿದರೆ ಮಾತು ಹೇಗೆ ಬದಲಾಗುತ್ತದೆಂದು ತಿಳಿಯುತ್ತದೆ. ಭಾಗವತನ ಮಾತನ್ನು ಆಡಿದ ಹಾಗೆಯೇ, ಶಿಷ್ಟ ಕನ್ನಡಕ್ಕೆ ತಿದ್ದದೆ, ಬರೆದಿಡಬೇಕು. ಮೇಳಕ್ಕೆ ಇಡೀ ರಾತ್ರಿಯ ಸಂಭಾವನೆ ಕೊಡಬೇಕು. ಬಟ್ಲರ್ ಅವರ ಅಧ್ಯಯನದಲ್ಲಿ ಇನ್ನೊಂದು ಸಂಗತಿಯಿದೆ: ಸಿನಿಮಾದಲ್ಲಿ ತಪ್ಪಿರಬಹುದು ಎಂದು ಸುಮ್ಮನೆ ಎಚ್ಚರಿಸಿದರೆ ಪ್ರಯೋಜನವಾಗಲಿಲ್ಲ, ಇಂಥಲ್ಲಿ ಇಂಥದ್ದು ತಪ್ಪು ಎಂದು ಬಿಡಿಸಿ ಹೇಳಿದಾಗ ವಿದ್ಯಾರ್ಥಿಗಳು ಬಹುಮಟ್ಟಿಗೆ ತಪ್ಪಿನಿಂದ ಪಾರಾದರು. ಗೋಕಾಕ, ಮೂಡಲಗಿ, ಹುಕ್ಕೇರಿಯ ಶಾಲೆಗಳಲ್ಲಿ ಪಾರಿಜಾತದ ತುಣುಕು ತೋರಿಸುವ ಶಿಕ್ಷಕರು ಹಾಗೆ ಬಿಡಿಸಿ ಹೇಳಬೇಕೆಂದರೆ, ಆ ಪೂರ್ತಿ ರಾತ್ರಿಯ ಮುದ್ರಣ ಮೊದಲು ಅವರ ಕೈಯಲ್ಲಿರಬೇಕು.